ಒಂಬತ್ತನೇ ಕಲಂ

ಫೆಬ್ರವರಿ 28, ಶುಕ್ರವಾರ

ಮನೆ. ಮೊದಲ ಸೆಮ್ ಮುಗಿಯಿತು. ಕೆಮಿಸ್ಟ್ರಿಯಲ್ಲಿ ಕೊನೆಯ ಉತ್ತರಕ್ಕೆ ನಂಬರ್ ಹಾಕಿದೆನೋ ಇಲ್ಲವೋ ನೆನಪಿಲ್ಲ. ಚಿಕ್ಕಮಗಳೂರಿನಿಂದ ಮೂಡಿಗೆರೆಯ ತನಕ ಬಸ್ಸಿನಲ್ಲಿ ಅದೇ ಯೋಚನೆ. ಗೋಣಿಬೀಡಿನಲ್ಲಿ ಇಳಿದು ಆಟೋ ಕಾಯುವಾಗ ಬ್ಯಾಗಿನ ಜಿಪ್ ನಾಲ್ಕು ಸಲ ಮುಟ್ಟಿ ನೋಡಿದೆ. ಹಾಕಿಯೇ ಇತ್ತು.

ಅವ್ವ ಬಾಗಿಲ ಹೊರಗಿನ ಕಲ್ಲಿನ ಮೇಲೆ ಅರೆಯುತ್ತಿದ್ದಳು. ತಲೆ ಎತ್ತದೆ, "ಬಂದ್ಯಾ? ಕೈಕಾಲ್ ತೊಳ್ಕ, ಉಣ್ಣು ಬಾ." ಮೂರು ತಿಂಗಳ ಮೇಲೆ ಬಂದ ಮಗಳಿಗೆ ಅಷ್ಟೇ.

ಅನ್ನ, ಹುರುಳಿ ಸಾರು, ಒಂದೆಲಗದ ಹಸಿ ಚಟ್ನಿ. ಬೇಸಿಗೆ ಬಂದರೆ ತೋಟದ ಕೂಲಿ ಲೈನಿನ ಏಳೂ ಮನೆಗಳಲ್ಲಿ ಇದೇ — ಹೊಟ್ಟೆಗೆ ತಂಪು ಅಂತ. ಕೆಳಗಿನ ಹಳ್ಳದ ದಂಡೆಯಿಂದ ಕಿತ್ತು ತರುತ್ತಾರೆ. ನಾನು ತಟ್ಟೆಯ ಅಂಚಿಗೆ ಸರಿಸಿದೆ. ಅವ್ವ ನೋಡಿದಳು. ಅದನ್ನು ತನ್ನ ತಟ್ಟೆಗೆ ಎಳೆದುಕೊಂಡಳು.

ಆರನೇ ಕ್ಲಾಸಿನಲ್ಲಿದ್ದಾಗ, ಹಾಸ್ಟೆಲಿಗೆ ನೋಡಲು ಬರುವ ಭಾನುವಾರ, ಇದೇ ಚಟ್ನಿಯನ್ನು ಸ್ಟೀಲ್ ಡಬ್ಬಿಯಲ್ಲಿ ತಂದಿದ್ದಳು. ರೂಮಿನವರು ಮುಚ್ಚಳ ತೆಗೆದು ಮೂಗು ಹಿಡಿದುಕೊಂಡರು. "ಇದು ಚರಂಡಿ ಪಕ್ಕ ಬೆಳೆಯೋದು ಕಣೇ." ಆ ವರ್ಷ ಪೂರ್ತಿ ನನ್ನ ಹೆಸರು ಚರಂಡಿ ಚಟ್ನಿ. ಇದೆಲ್ಲ ಈಗ ಯಾಕೆ ಬರೆಯುತ್ತಿದ್ದೇನೆ.

ಮಾರ್ಚ್ 3, ಸೋಮವಾರ

ಬೆಳಿಗ್ಗೆ ಅಪ್ಪ ಬಾಗಿಲಲ್ಲಿ ನಿಂತು, "ಮೋನಿ, ಗೌಡ್ರು ಆಫೀಸಿಗೆ ಬಾ ಅಂದ್ರು. ಪಂಚಾಯ್ತಿ ಕಾಗ್ದಕ್ಕೆ ಓದಿರೋರ ಸೈನ್ ಬೇಕಂತೆ" ಎಂದ. ಶರ್ಟಿನ ಮೇಲಿನ ಗುಂಡಿಯನ್ನೂ ಹಾಕಿಕೊಂಡಿದ್ದ. ಸೈನ್ ಅವನದಲ್ಲ, ನನ್ನದು.

ವಿಷಯ ಇಷ್ಟು. ಟೌನಿನ ಶುದ್ಧೀಕರಣ ಘಟಕದಲ್ಲಿ ಮಲದ ಕೆಸರನ್ನು ಒಣಗಿಸಿ ಗೊಬ್ಬರವೆಂದು ಕೊಡುತ್ತಾರೆ. ಕಳೆದ ವರ್ಷ ಯಾರೋ ಮಳೆಗಾಲದಲ್ಲೇ ಸುರಿಸಿ, ಊರಿಗೆಲ್ಲ ನಾತ ಹಿಡಿದು, ಜಗಳವಾಗಿ, ಈಗ ನಮ್ಮ ಪಂಚಾಯ್ತಿ ಠರಾವು ಮಾಡಿದೆ. ಜೂನ್‌ನಿಂದ ಅಕ್ಟೋಬರ್ ತನಕ ಹಾಕುವಂತಿಲ್ಲ. ಹಳ್ಳ, ಬಾವಿಯಿಂದ ನೂರು ಅಡಿ ದೂರ ಇರಬೇಕು. ಹಾಕಿದ ಮೇಲೆ ಮೂವತ್ತು ದಿನ ಜನ ಕಾಲಿಡಬಾರದು, ಬೋರ್ಡ್ ಇರಬೇಕು. ಎಲ್ಲಕ್ಕೂ ಮೊದಲು ಹನ್ನೆರಡು ಪ್ರಶ್ನೆಗಳ ಘೋಷಣೆ. ಅದಕ್ಕೆ ಯಜಮಾನರ ಸಹಿ, ಜೊತೆಗೆ ಕಾರ್ಮಿಕರ ಪರವಾಗಿ ಓದುಬರಹ ಬಲ್ಲ ಒಬ್ಬರ ಸಹಿ. ಒಳ್ಳೆಯ ರೂಲ್ಸ್ ಅಂತಲೇ ಅನ್ನಿಸಿತು.

ಆಫೀಸಿನಲ್ಲಿ ತೋಟದ ಲೆಕ್ಕ ಬರೆಯುವ ರೈಟರ್ ಸುರೇಂದ್ರಣ್ಣ. "ಬಾರಮ್ಮ ಬಿ.ಎಸ್ಸಿ., ಕೂತ್ಕೋ." ಲೈನಿನವರು ಕೂರದ ಕುರ್ಚಿ. ಅಂಚಿನಲ್ಲಿ ಕೂತೆ. ತೋಟದ ಯಜಮಾನರು, ಅಪ್ಪನ ಬಾಯಲ್ಲಿ ಗೌಡ್ರು, ಚನ್ನಕೇಶವ ಸರ್ ಫೋನಿನಲ್ಲಿದ್ದರು. ಅವರ ಮಗಳು ಮೇಘಶ್ರೀ ರಜೆಗೆ ಮಂಗಳೂರಿನಿಂದ ಬಂದಿದ್ದಾಳೆ. ನನ್ನದೇ ವಯಸ್ಸು. ಅವಳು ಪ್ರಶ್ನೆ ಓದುತ್ತಿದ್ದಳು, ನಾನು ಉತ್ತರ ಬರೆಯುತ್ತಿದ್ದೆ. ಎಂಟರ ತನಕ ಸರ್ವೇ ನಂಬರ್, ಇಳಿಜಾರು, ಬಾವಿ ಇತ್ಯಾದಿ. ಒಂಬತ್ತನೆಯದು:

'ಸದರಿ ಜಮೀನಿನಲ್ಲಾಗಲಿ, ಅದರ ನೀರು ಹರಿದು ಸೇರುವ ಸ್ಥಳದಲ್ಲಾಗಲಿ ಹಸಿಯಾಗಿ ತಿನ್ನುವ ಸೊಪ್ಪು, ಗೆಡ್ಡೆ, ಹಣ್ಣುಗಳನ್ನು ಯಾರಾದರೂ ಬೆಳೆಯುತ್ತಾರೆಯೇ ಅಥವಾ ಸಂಗ್ರಹಿಸುತ್ತಾರೆಯೇ? ಹೌದಾದಲ್ಲಿ ಅನುಮತಿ ಇರುವುದಿಲ್ಲ.'

ಮೇಘಶ್ರೀ ನಕ್ಕಳು. "ಸೋ ವಿಯರ್ಡ್, ಅಲ್ವಾ? ನೆಲದಿಂದ ಕಿತ್ತು ಹಸಿಹಸಿ ಯಾರ್ ತಿಂತಾರೆ? ಲೈಕ್... ಹಸು ಥರ?"

ಕೆಟ್ಟ ಹುಡುಗಿಯಲ್ಲ. ಸುಮ್ಮನೆ ಕೇಳಿದ್ದು. ನನ್ನ ಕಿವಿ ಬಿಸಿಯಾಯಿತು.

"ಇಲ್ಲ ಇಲ್ಲ. ನೋಬಡಿ ಡಸ್ ದಟ್ ನೌ" ಎಂದೆ. 'ಇಲ್ಲ' ಎಂದು ಬರೆದೆ.

ಸುರೇಂದ್ರಣ್ಣ ಒಂದು ಸಲ ತಲೆ ಎತ್ತಿದರು. ಅವರ ಮನೆಗೂ ನಮ್ಮ ಪಕ್ಕದ ಮನೆಯ ಮುತ್ತಮ್ಮ ವಾರಕ್ಕೊಂದು ಕಟ್ಟು ಒಂದೆಲಗ ಕೊಡುತ್ತಾಳೆ. ಮತ್ತೆ ತಲೆ ತಗ್ಗಿಸಿ ಸೀಲು ಹುಡುಕಿದರು.

ಸಹಿ ಮಾಡಿದೆ. ಮೋನಿಕಾ ಜಿ. ಕೆಳಗೆ ಸಣ್ಣ ಅಕ್ಷರದಲ್ಲಿ: ಸುಳ್ಳು ಮಾಹಿತಿ ನೀಡಿದಲ್ಲಿ ಸಹಿ ಮಾಡಿದವರ ಮೇಲೆ ಕಾನೂನು ಕ್ರಮ. ಸಹಿ ಮಾಡಿದ ಮೇಲೆ ಓದಿದೆ.

ಅದೇ ದಿನ, ಸಂಜೆ

ಸಂಸ್ಕರಿಸಿದ್ದು. ಒಣಗಿಸಿದ್ದು. ಸಂಸ್ಕರಿಸಿದ್ದು ಅಂದರೆ ಸೇಫ್. ಗೂಗಲ್ ಕೂಡ ಸೇಫ್ ಅನ್ನುತ್ತದೆ — 'ಷರತ್ತುಗಳಿಗೆ ಒಳಪಟ್ಟು.' ನಾನು ಬರೆದದ್ದೂ ಒಂದು ಷರತ್ತು...

ನಾಳೆ ಹೋಗಿ ತಿದ್ದಿಬಿಡಲಾ? ತಿದ್ದಿದರೆ ಮೇಘಶ್ರೀ ಅಲ್ಲೇ ಇರುತ್ತಾಳೆ.

ಮಾರ್ಚ್ 8, ಶನಿವಾರ

ತಿದ್ದಲಿಲ್ಲ. ಪಂಚಾಯ್ತಿ ಸೀಲು ಬಿದ್ದು ಫಾರಂ ವಾಪಸ್ ಬಂದಿದೆ. ಅಪ್ಪ ಅದರ ಜೆರಾಕ್ಸ್ ಇಸಿದುಕೊಂಡು, ಗೋಣಿಬೀಡಿಗೆ ಹೋಗಿ ಲ್ಯಾಮಿನೇಷನ್ ಮಾಡಿಸಿಕೊಂಡು ಬಂದ! ಗಣಪತಿ ಫೋಟೋದ ಪಕ್ಕ ಮೊಳೆ ಹೊಡೆದು ನೇತುಹಾಕಿದ.

"ಸರ್ಕಾರದ್ ಸೀಲ್ ಪಕ್ಕ ನಮ್ ಮನೆಯವ್ರ ಸೈನು. ನಂಗೆ ಹೆಬ್ಬೆಟ್ಟು ಬಿಟ್ರೆ ಏನ್ ಗೊತ್ತಿತ್ತು" ಎಂದ.

ಮುತ್ತಮ್ಮ ಬಂದು ನೋಡಿದಳು. ಓದಲು ಬರುವುದಿಲ್ಲ, ಆದರೂ ಕಣ್ಣು ಕಿರಿದು ಮಾಡಿ ನೋಡಿದಳು. "ಗುರುವಯ್ಯ, ಮಗಳ ಮದ್ವೆ ಕಾಗ್ದಕ್ಕೂ ಹಿಂಗೇ ಪ್ಲಾಸ್ಟಿಕ್ ಹಾಕ್ಸು, ಅಳಿಯ ಓಡೋಗಾಕಿಲ್ಲ." ಎಲ್ಲರೂ ನಕ್ಕರು. ನಾನೂ ನಕ್ಕೆ.

ಮಲಗುವ ಜಾಗದಿಂದ ಅದು ನೇರ ಕಾಣುತ್ತದೆ. ಮಗ್ಗುಲು ಬದಲಿಸಿದೆ.

ಮಾರ್ಚ್ 12, ಬುಧವಾರ

ಇವತ್ತು ಹಾಕಿದರು. ಹಳ್ಳದ ಬ್ಲಾಕಿಗೆ, ಅಂದರೆ ಹಳ್ಳದ ಮೇಲಿನ ಕಾಫಿ ತುಂಡಿಗೆ, ಐದು ಟಿಪ್ಪರ್ ಗೊಬ್ಬರ. ಕಪ್ಪು ಪುಡಿ. ಅಂದುಕೊಂಡಷ್ಟು ನಾತವಿಲ್ಲ. ಒದ್ದೆ ಗೋಣಿಚೀಲ, ಹಳೇ ಬ್ಯಾಟರಿಯ ಥರ ಏನೋ. ಅಪ್ಪ ಮೂಗಿಗೆ ಟವೆಲ್ ಸುತ್ತಿಕೊಂಡು ಕಾಫಿ ಬುಡಕ್ಕೆ ಎಳೆದ. ಹಳ್ಳದಿಂದ ನೂರು ಅಡಿಯನ್ನು ಸುರೇಂದ್ರಣ್ಣ ಟೇಪ್ ಹಿಡಿದು ಅಳೆದರು. ರೂಲ್ ಪ್ರಕಾರ ಎಲ್ಲ ಸರಿ.

ಒಂದೇ ಒಂದು ಬಿಟ್ಟು. ಬ್ಲಾಕಿನ ಬಸಿಗಾಲುವೆ ಇಳಿದು ಹಳ್ಳಕ್ಕೆ ಸೇರುವ ಮೂಲೆ — ಅಲ್ಲಿ ಬೇಸಿಗೆಯಲ್ಲೂ ತೇವ ಆರುವುದಿಲ್ಲ. ಒಂದೆಲಗ ದಟ್ಟವಾಗಿ ಹಬ್ಬಿರುವುದು ಅಲ್ಲೇ.

ಮುತ್ತಮ್ಮ: "ಪ್ಯಾಟೆಯವ್ರು ಉಂಡಿದ್ದೆಲ್ಲ ನಮ್ ಕಾಫಿ ಬುಡಕ್ಕೆ. ಆ ಕಾಫಿ ಕುಡಿಯೋರೂ ಅವ್ರೇ. ಲೆಕ್ಕ ಸರಿ ಹೋಯ್ತು ಬಿಡು."

ಅವ್ವ ಬೋರ್ಡು ತೋರಿಸಿ, "ಏನ್ ಬರ್ದೈತೆ?" ಎಂದಳು.

"ಮೂವತ್ತು ದಿನ ಬ್ಲಾಕಿನ ಒಳಗೆ ಹೋಗಬಾರದಂತೆ."

"ಬ್ಲಾಕಿಗೆ ನಾವ್ಯಾಕ್ ಹೋಗಾನ? ನಾವ್ ಹೋಗದು ದಂಡೆಗೆ."

ಆಗ ಹೇಳಬಹುದಿತ್ತು. ದಂಡೆಗೂ ಬೇಡ ಅವ್ವ, ಅಂತ. ಯಾಕೆ ಎಂದರೆ? ಫಾರಂ ಬಗ್ಗೆ ಹೇಳಬೇಕಾಗುತ್ತಿತ್ತು. ಮಳೆ ಇಲ್ಲವಲ್ಲ, ಹರಿಯಲು ನೀರೆಲ್ಲಿದೆ, ಎಂದುಕೊಂಡು ಸುಮ್ಮನಾದೆ.

ಮಾರ್ಚ್ 16, ಭಾನುವಾರ

ಹಾಸ್ಟೆಲ್. ಸೆಕೆಂಡ್ ಸೆಮ್ ನಾಳೆಯಿಂದ. ರೂಮಿನ ಕವನಾ, "ಊರಲ್ಲಿ ಏನ್ ವಿಶೇಷ?" ಎಂದಳು. ಏನಿಲ್ಲ ಎಂದೆ. ಬೀಗ ಮೂರು ಸಲ ಎಳೆದು ನೋಡಿದೆ.

ಮಾರ್ಚ್ 22, ಶನಿವಾರ

ಅಪ್ಪನ ಫೋನ್. ಕೂಗಿ ಮಾತಾಡುತ್ತಿದ್ದ, ಖುಷಿಗೆ. ಹೂಮಳೆ ಬಂತಂತೆ. ಒಂದೂವರೆ ಇಂಚು, ಒಂದೇ ಬೀಸಿಗೆ. ಗೌಡ್ರು ಎಲ್ಲರಿಗೂ ಸ್ವೀಟ್ ಕೊಟ್ಟರಂತೆ. ಇನ್ನು ಎಂಟು-ಹತ್ತು ದಿನಕ್ಕೆ ರೋಬಸ್ಟಾ ಕಾಫಿ ಹೂ ಬಿಟ್ಟು ಪೂರ್ತಿ ಬಿಳಿ.

"ಹಳ್ಳಕ್ಕೆ ನೀರು ಬಂತಾ ಅಪ್ಪ?"

"ಬರ್ದೆ ಏನು, ಬಸಿಗಾಲುವೆ ತುಂಬಿ ಹರೀತು ಮಾರಾಯ್ತಿ!"

ಆಮೇಲೆ ಏನು ಹೇಳಿದನೋ ಕೇಳಿಸಲಿಲ್ಲ.

ಫೋನ್ ಇಟ್ಟ ಮೇಲೆ ಮತ್ತೆ ಮಾಡಿದೆ. ಅವ್ವನಿಗೆ ಕೊಡು ಎಂದೆ. "ಅವ್ವ, ಸ್ವಲ್ಪ ದಿನ ಸೊಪ್ಪು ಕೀಳಬೇಡ." "ಯಾಕೆ?" "ಸುಮ್ನೆ. ಮಣ್ಣಿರುತ್ತೆ, ಮಳೆ ಬಂದಿದೆಯಲ್ಲ." ಅವ್ವ ನಕ್ಕಳು. "ಮಳೆ ಬಂದ್ಮೇಲೆ ತಾನೇ ಎಳೇದು ಬರದು? ನಿಂಗೆ ಹಾಸ್ಟೆಲಲ್ಲಿ ಏನ್ ಕಲಿಸ್ತಾರೆ?"

ಮಾರ್ಚ್ 31, ಸೋಮವಾರ

ಮೂಡಿಗೆರೆ, ಆಸ್ಪತ್ರೆ. ಅವ್ವನಿಗೆ ಡ್ರಿಪ್ ಹಾಕಿದ್ದಾರೆ.

ನಿನ್ನೆ ಯುಗಾದಿ. ಬೆಳಿಗ್ಗೆಯಿಂದ ವಾಂತಿ, ಭೇದಿ. ಅಪ್ಪ ಫೋನ್ ಮಾಡಿದ್ದು ಸಂಜೆ — ಹಬ್ಬದ ದಿನ ಮಗಳಿಗೆ ಯಾಕೆ ಅಂತ. ಮುತ್ತಮ್ಮನ ಮಗ ಉಮೇಶಣ್ಣ ಜೀಪಿನಲ್ಲಿ ಕರೆತಂದನಂತೆ. ನಾನು ಮೊದಲ ಬಸ್ಸಿಗೆ ಬಂದೆ. ದಾರಿಯುದ್ದಕ್ಕೂ ಕಾಫಿ ಹೂವು. ಕಿಟಕಿಯಿಂದ ಪರಿಮಳ ಒಳಗೆ ನುಗ್ಗುತ್ತಿತ್ತು. ಕಿಟಕಿ ಮುಚ್ಚಿದೆ.

ಅವ್ವನ ಕಣ್ಣು ಒಳಗೆ ಹೋಗಿದೆ. ತುಟಿ ಒಡೆದಿದೆ.

ಡಾಕ್ಟರ್ ಕೇಳಿದರು, "ಏನು ತಿಂದಿದ್ರಿ?"

"ಅನ್ನ, ಸಾರು. ದಿನಾ ಉಣ್ಣೋದೇ ಸಾರ್."

ಚಟ್ನಿ ಅವ್ವನ ಲೆಕ್ಕದಲ್ಲಿ ಊಟವಲ್ಲ. ಅದು ಬಾಯಿಗೆ, ತಂಪಿಗೆ. ಡಾಕ್ಟರ್ ನನ್ನ ಕಡೆ ತಿರುಗಿದರು. "ನೀವು ಓದ್ತಿದೀರಲ್ಲ, ಕುದಿಸಿದ ನೀರೇ ಕೊಡ್ತಿದೀರಾ?" ತಲೆ ಆಡಿಸಿದೆ. ಅಲ್ಲೇ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ. ಅವರ ಹಿಂದೆ ನರ್ಸ್, ಪಕ್ಕದ ಬೆಡ್ಡಿನವರು, ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಏಪ್ರಿಲ್ 3, ಗುರುವಾರ

ಡಿಸ್ಚಾರ್ಜ್. ಅವ್ವ ಗೋಡೆ ಹಿಡಿದು ನಡೆಯುತ್ತಾಳೆ. ಕಾಲೇಜಿಗೆ ಲೀವ್ ಲೆಟರ್ ಮೇಲ್ ಮಾಡಿದೆ.

ಹೆಲ್ತ್‌ನವರು ಬಂದಿದ್ದರು. ಕೈಯಲ್ಲಿ ಪಂಚಾಯ್ತಿಯ ಫಾರಮ್ಮಿನ ಕಾಪಿ. ಲೈನಿನ ಬಾವಿಯ ನೀರು ಬಾಟಲಿಗೆ ತುಂಬಿದರು. ಸೊಪ್ಪು, ದಂಡೆ ಯಾವುದನ್ನೂ ನೋಡಲಿಲ್ಲ. ಒಂಬತ್ತಕ್ಕೆ 'ಇಲ್ಲ' ಎಂದಿದೆಯಲ್ಲ, ಇಲ್ಲದ್ದನ್ನು ಯಾರು ನೋಡುತ್ತಾರೆ.

ಏಪ್ರಿಲ್ 4, ಶುಕ್ರವಾರ

ಇದನ್ನು ಬರೆಯಲೇಬೇಕು.

ಮಧ್ಯಾಹ್ನ ಮುತ್ತಮ್ಮ ಬಂದಳು. ಕೈಯಲ್ಲಿ ಲೋಟ. ಒಂದೆಲಗ ಅರೆದು ಮಜ್ಜಿಗೆಗೆ ಕಲಸಿದ ತಂಬುಳಿ. ಕಾಯಿಲೆಯ ಹೊಟ್ಟೆಗೆ ಇದಕ್ಕಿಂತ ಔಷಧಿ ಇಲ್ಲವಂತೆ. ನಾಲ್ಕು ದಿನ ಬಾಟ್ಲಿ ನೀರು ಹತ್ತಿಸಿಕೊಂಡ ಅವ್ವನಿಗೆ, ಯಲ್ಲಮ್ಮನಿಗೆ, ಅಂತಲೇ ದಂಡೆಗೆ ಇಳಿದು ಎಳೆಯದಾಗಿ ಆರಿಸಿ ತಂದಿದ್ದಳು. ಅರವತ್ತು ದಾಟಿದ ಕಾಲು.

"ಏಳ್ಸು ಅವ್ಳುನ್ನ. ಒಂದೇ ಗುಟುಕಿಗೆ ಕುಡೀಲಿ."

"ಅವ್ವ ಈಗಷ್ಟೇ ಮಲಗಿದಳು ಮುತ್ತಮ್ಮತ್ತೆ. ಡಾಕ್ಟರ್ ಹಸಿ ಏನೂ ಕೊಡಬೇಡಿ ಅಂದಿದಾರೆ." ಡಾಕ್ಟರ್ ಹಾಗೆ ಹೇಳಿರಲಿಲ್ಲ.

"ಡಾಕ್ಟ್ರಿಗೆ ಸೊಪ್ಪಿನ್ ಇಸ್ಯ ಏನ್ ಗೊತ್ತು! ಸರಿ, ಇಟ್ರೆ ಹುಳಿ ಆಗುತ್ತೆ. ನಾನೇ ಕುಡೀತೀನಿ."

ಕುಡಿದಳು. ನನ್ನ ಎದುರೇ. ಲೋಟ ಎತ್ತಿ, ಕತ್ತು ಹಿಂದೆ ಹಾಕಿ. ತಡೆಯಲು ಕೈ ಮುಂದೆ ಮಾಡಿದೆ — ಅವಳು ಲೋಟ ತೊಳೆಯಲು ಕೇಳುತ್ತಿದ್ದೇನೆ ಅಂದುಕೊಂಡು ಕೊಟ್ಟುಬಿಟ್ಟಳು. ತೊಳೆದೆ. ಮೂರು ಸಲ ತೊಳೆದೆ.

ಏಪ್ರಿಲ್ 8, ಮಂಗಳವಾರ

ಮುತ್ತಮ್ಮ ಆಸ್ಪತ್ರೆಯಲ್ಲಿ. ಮೂಡಿಗೆರೆಯಿಂದ ಹಾಸನಕ್ಕೆ ಕಳಿಸಿದರು. ಉಮೇಶಣ್ಣ ಫೋನಿನಲ್ಲಿ, "ಉಚ್ಚೆ ನಿಂತೋಗೈತಂತೆ. ಕಿಡ್ನಿ ಅಂತಾರೆ. ಏನ್ ತಿಂದಿದ್ಲು ಅಂತ ಕೇಳ್ತಾವ್ರೆ, ನಿಂಗೇನಾದ್ರೂ ಗೊತ್ತಾ?"

ಹೇಳಿದೆ. "ಒಂದೆಲಗ. ಹಸೀದು. ಹಳ್ಳದ ಬ್ಲಾಕಿನ ಕೆಳಗಿಂದು. ಡಾಕ್ಟರಿಗೆ ಹೇಳಿ — ಮೇಲೆ ಟೌನಿನ ಗೊಬ್ಬರ ಹಾಕಿದ್ರು ಅಂತನೂ ಹೇಳಿ."

ಉಮೇಶಣ್ಣ, "ಅದು ಔಷ್ದಿ ಅಲ್ವೇನೆ?"

ಲೈನಿನ ಎಲ್ಲ ಮನೆಗಳಿಗೂ ಹೋಗಿ ಹೇಳಿ ಬಂದೆ, ಸೊಪ್ಪು ಮುಟ್ಟಬೇಡಿ ಅಂತ. ಯಾಕೆ ಎಂದವರಿಗೆ ಗೊಬ್ಬರ ಹರಿದು ಬಂದಿದೆ ಎಂದೆ. ಫಾರಂ ಬಗ್ಗೆ ಮಾತ್ರ ಯಾರಿಗೂ ಹೇಳಲಿಲ್ಲ.

ಏಪ್ರಿಲ್ 10, ಗುರುವಾರ

ಬಾವಿ ನೀರಿನ ರಿಪೋರ್ಟ್ ಬಂತು. ನೀರು ಶುದ್ಧ. ಆದ್ದರಿಂದ ಕಾಯಿಲೆಗೆ ಕಾರಣ ಲೈನ್ ಮನೆಗಳ ಸ್ವಚ್ಛತೆ. ಪಂಚಾಯ್ತಿಯಿಂದ ಎರಡು ಬ್ಲೀಚಿಂಗ್ ಪೌಡರ್ ಚೀಲ ಬಂದಿದೆ.

ಅದರ ಜೊತೆ ನೋಟಿಸ್. 16ಕ್ಕೆ ವಿಶೇಷ ಗ್ರಾಮಸಭೆ. ಅಜೆಂಡಾದಲ್ಲಿ ಎರಡು. ಒಂದು, ಮಳೆಗಾಲಕ್ಕೆ ಮೊದಲು ಮೇಲಿನ ಎರಡು ಬ್ಲಾಕಿಗೆ ಕೆಸರು ಹಾಕಲು ಅನುಮತಿ. ಎರಡು, ಹಳ್ಳದ ದಂಡೆಗೆ ತಂತಿಬೇಲಿ, ಲೈನಿನವರು ಇಳಿಯಕೂಡದು. ಸೊಪ್ಪಿನ ಮಾತು ಅಲ್ಲಿಗೂ ಮುಟ್ಟಿರಬೇಕು.

ಕೆಸರಿಗೆ ಅಂತ ಮಾಡಿದ ನಿರ್ಬಂಧ ಈಗ ನಮಗೆ.

ಏಪ್ರಿಲ್ 11, ಶುಕ್ರವಾರ

ಆಫೀಸಿಗೆ ಹೋದೆ. ಒಬ್ಬಳೇ. ಚನ್ನಕೇಶವ ಸರ್ ಇದ್ದರು. ಒಂಬತ್ತಕ್ಕೆ ನಾನು ಸುಳ್ಳು ಬರೆದೆ ಎಂದೆ. ಒಂದೇ ಉಸಿರಿಗೆ ಹೇಳಿದೆ.

ಅವರು ಬೈಯಲಿಲ್ಲ. ಕನ್ನಡಕ ತೆಗೆದು ಟೇಬಲ್ ಮೇಲಿಟ್ಟರು. "ನಂಗೂ ಗೊತ್ತಿರಬೇಕಿತ್ತು ಕಣಮ್ಮ. ಚಿಕ್ಕೋನಿದ್ದಾಗ ಆ ದಂಡೆ ಸೊಪ್ಪು ನಾನೂ ತಿಂದೋನೇ. ಫಾರಂ ನೋಡ್ದಾಗ ತಲೆಗೇ ಬರ್ಲಿಲ್ಲ."

ಕನ್ನಡಕ ಮತ್ತೆ ಹಾಕಿಕೊಂಡು, "ಈಗ ಸಭೇಲಿ ಹೇಳಿದ್ರೆ ಏನಾಗುತ್ತೆ ಗೊತ್ತಾ? ನನ್ ಪರ್ಮಿಷನ್ ಹೋಗುತ್ತೆ, ಹೋಗ್ಲಿ. ಸೈನ್ ನಿಂದು. ಸುಳ್ಳು ಡಿಕ್ಲರೇಷನ್ ಅಂತ ನಿನ್ ಮೇಲೆ ಬರೀತಾರೆ. ಫಸ್ಟ್ ಇಯರ್ ನೀನು. ಕಾಲೇಜಿಗೆ ಲೆಟರ್ ಹೋಯ್ತು ಅಂದ್ರೆ? ಬೇಲಿ ಹಾಕಿದ್ರೆ ಇನ್ ಯಾರಿಗೂ ಏನೂ ಆಗಲ್ಲ. ಎಲ್ರಿಗೂ ಸೇಫ್. ಯೋಚ್ನೆ ಮಾಡು ಮರಿ."

ಒಳ್ಳೆಯ ಮಾತಿನಲ್ಲೇ ಹೇಳಿದರು. ಅದೇ ಕಷ್ಟ. ಬೈದಿದ್ದರೆ ಸುಲಭ ಇತ್ತು.

ಹೊರಗೆ ಸುರೇಂದ್ರಣ್ಣ ಬೈಕ್ ಒರೆಸುತ್ತಿದ್ದರು. ನಾನು ಬರುವುದು ನೋಡಿ ಆ ಕಡೆ ತಿರುಗಿ ಒರೆಸತೊಡಗಿದರು.

ಏಪ್ರಿಲ್ 13, ಭಾನುವಾರ

ಲೈನಿನಲ್ಲಿ ಮಾತು ಶುರುವಾಗಿದೆ. ಸೊಪ್ಪು ಮೊದಲು ಕಿತ್ತು ತಂದವಳು ಯಲ್ಲಮ್ಮ, ಎಲ್ಲರಿಗೂ ಹಂಚಿದವಳು ಯಲ್ಲಮ್ಮ. ಬೆಳಿಗ್ಗೆ ಬಾವಿ ಹತ್ತಿರ ಯಾರೋ, "ಇವ್ಳು ಬಾಯಿ ಚಪಲಕ್ಕೆ ಮುತ್ತಮ್ಮ ಮಲಗಂಗಾಯ್ತು" ಅಂದರು. ಅವ್ವ ಬಿಂದಿಗೆ ತುಂಬದೇ ವಾಪಸ್ ಬಂದಳು.

ಮಧ್ಯಾಹ್ನ ಗೋಡೆಯಿಂದ ಲ್ಯಾಮಿನೇಷನ್ ಇಳಿಸಿ ನನ್ನ ಮುಂದೆ ಇಟ್ಟಳು.

"ಬುಧ್ವಾರ ಸಭೇಲಿ ಇದುನ್ನೇ ಓದ್ತಾರಂತೆ. ಎಲ್ರಿಗಿಂತ ಮೊದ್ಲು ನಾನ್ ಕೇಳ್ತೀನಿ. ಓದು."

ಓದಿದೆ. ಒಂದು, ಎರಡು, ಮೂರು. ಪ್ರಶ್ನೆ, ಉತ್ತರ. ಅವ್ವ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಎಂಟಾಯಿತು. ಉಸಿರು ತೆಗೆದುಕೊಂಡು ಹತ್ತನೆಯದು ಶುರು ಮಾಡಿದೆ.

"ನಿಲ್ಲು."

ಅವಳ ಹೆಬ್ಬೆರಳು ಉಂಗುರದ ಬೆರಳಿನ ಗೆಣ್ಣಿನ ಮೇಲಿತ್ತು. ಬೆರಳಿಗೆ ಮೂರು ಗೆಣ್ಣು. ಎಣಿಸುತ್ತಿದ್ದಳು.

"ಎಂಟಾದ್ಮೇಲೆ ಹತ್ತ್ ಹೆಂಗ್ ಬಂತು? ಓದಕ್ ಬರ್ದೇ ಇರ್ಬೋದು ಮಗ, ಇಪ್ಪತ್ತು ವರ್ಷ ಕಾಫಿ ಕುಕ್ಕೆ ಎಣಿಸಿದೋಳು ನಾನು."

ಓದಿದೆ. ಪ್ರಶ್ನೆ ಓದುವಾಗ ಧ್ವನಿ ಇತ್ತು. 'ಇಲ್ಲ' ಎನ್ನುವಾಗ ಬರೀ ತುಟಿ ಆಡಿತು.

"ಇಲ್ಲ ಅಂತ ಬರ್ದಿದ್ದು ನೀನಾ, ಅವ್ರು ಬರೆಸಿದ್ದಾ?"

"ನಾನೇ."

"ಯಾಕೆ?"

"...ನಾಚಿಕೆ ಆಯ್ತು."

ಅವ್ವ ಆ ಕಾಗದವನ್ನು ತನ್ನ ಕಡೆ ತಿರುಗಿಸಿಕೊಂಡಳು. "ಸೊಪ್ಪಿನ್ ಮ್ಯಾಲಾ, ನನ್ ಮ್ಯಾಲಾ?"



ಏಪ್ರಿಲ್ 14, ಸೋಮವಾರ

ಬೆಳಿಗ್ಗೆ ಎಬ್ಬಿಸಿದಳು. "ಪುಸ್ತಕ, ಪೆನ್ನು ತಗ. ಬಾ." ಮಾತು ಅಷ್ಟೇ. ನಿನ್ನೆಯಿಂದ ಆಡಿದ ಮೊದಲ ಮಾತು.

ದಂಡೆಗೆ ಇಳಿದೆವು. ಅವ್ವನ ಕಾಲಿಗೆ ಇನ್ನೂ ಬಲವಿಲ್ಲ. ಎರಡು ಕಡೆ ಕೂತಳು, ನನ್ನ ಕೈ ಹಿಡಿಯಲಿಲ್ಲ. ಬಸಿಗಾಲುವೆ ಸೇರುವ ಮೂಲೆಯಲ್ಲಿ ಕಪ್ಪು ಕೆನೆಯಂಥದ್ದು ಒಣಗಿ ಬಿರುಕು ಬಿಟ್ಟಿತ್ತು. ಅದರ ಮೇಲೆ ಒಂದೆಲಗ — ಹಿಂದೆಂದೂ ಇಲ್ಲದಷ್ಟು ಹಸಿರು, ಅಂಗೈಯಗಲ.

ಒಂದು ಕೋಲಿನಿಂದ ತೋರಿಸುತ್ತ ಹೋದಳು. ಮುಟ್ಟಲಿಲ್ಲ, ನನಗೂ ಬಿಡಲಿಲ್ಲ. ಬರೆದುಕೊಂಡೆ:

ಒಂದೆಲಗ, ಹಸಿ. ಹುಳಿಸೊಪ್ಪು, ಹಸಿ — ಕೆಲಸದ ನಡುವೆ ಬಾಯಾರಿದರೆ ಎಲ್ಲರೂ. ಹೊನಗೊನೆ, ಬೇಯಿಸಿ. ಕೆಸ, ಬೇಯಿಸಿ, ಹುಣಸೆಹಣ್ಣು ಹಾಕಿ. ಕಾಕಿಹಣ್ಣು, ಹಸಿ, ಮಕ್ಕಳು. ಮುದುರಿಕೊಂಡ ಜರಿಗಿಡದ ಕುಡಿ, ಹುರಿದು. ಏಡಿ, ಕಲ್ಲಿನ ಸಂದಿಯಲ್ಲಿ, ಮಳೆ ಹಿಡಿದ ಮೇಲೆ. ಬಾಣಂತಿಗೆ ಕೊಡುವ ಒಂದು ಬೇರು — ಅದರ ಹೆಸರು ಅವ್ವನಿಗೂ ಗೊತ್ತಿಲ್ಲ, ಮುತ್ತಮ್ಮನಿಗೆ ಮಾತ್ರ ಗೊತ್ತು.

ಬಾಟನಿ ನನ್ನ ಸಬ್ಜೆಕ್ಟ್. ಇವುಗಳಲ್ಲಿ ನಾಲ್ಕಕ್ಕೆ ಲ್ಯಾಟಿನ್ ಹೆಸರು ಬರುತ್ತದೆ. ಗಿಡ ನೋಡಿದರೆ ಎರಡೇ ಗುರುತು ಸಿಕ್ಕಿದ್ದು.

"ಅವ್ವ, ಕೇಸ್ ಹಾಕ್ತಾರಂತೆ. ಕಾಲೇಜಿಗೆ ಲೆಟರ್ ಬರುತ್ತಂತೆ."

ಹಳ್ಳ ನೋಡುತ್ತ ಕೂತಿದ್ದಳು. "ಬೇಲಿ ಹಾಕಿದ್ರೆ ನಮ್ ಕಾಲಿಗೆ ಹಾಕ್ತಾರೆ. ಮೇಲಿಂದ ಹರ್ಕೊಂಡು ಬರೋದಕ್ಕೆ ಬೇಲಿ ಐತಾ? ಇದೇ ನೀರು ಕೆಳಗ್ನ ಊರಿಗೂ ಹೋಗುತ್ತೆ." ಎದ್ದು ಸೀರೆ ಕೊಡವಿದಳು. "ಹೇಳು ಅಂತ ನಾನು ಹೇಳಾಕಿಲ್ಲ. ಬರ್ದೋಳು ನೀನು. ಮುತ್ತಮ್ಮ ವಾಪಸ್ ಬಂದು ಲೋಟ ಕೇಳಿದ್ರೆ, ಕೊಡೋಳೂ ನೀನೇ."

ಲೋಟದ ವಿಷಯ ಅವಳಿಗೆ ಗೊತ್ತಿತ್ತು! ಆ ಮಧ್ಯಾಹ್ನ ಅವಳು ಮಲಗಿರಲಿಲ್ಲ.

ಏಪ್ರಿಲ್ 15, ಮಂಗಳವಾರ

ಉಮೇಶಣ್ಣ ಫೋನ್ ಮಾಡಿದ್ದ. ಡಯಾಲಿಸಿಸ್ ಎರಡು ಸಲ ಆಯಿತು. ಒಮ್ಮೆ ಕಣ್ಣು ಬಿಟ್ಟಳಂತೆ. ಹಸಿ ಸೊಪ್ಪಿನ ಸ್ಯಾಂಪಲ್ ಇದೆಯಾ ಅಂತ ಡಾಕ್ಟರ್ ಕೇಳಿದರಂತೆ. ಅಧಿಕೃತವಾಗಿ ಬೇಕು, ಮನೆಯವರು ಕಿತ್ತು ತಂದರೆ ಆಗುವುದಿಲ್ಲವಂತೆ. ಅಧಿಕೃತ ಅಂದರೆ ಪಂಚಾಯ್ತಿ ಬರೆಯಬೇಕು. ಪಂಚಾಯ್ತಿ ಬರೆಯಬೇಕೆಂದರೆ ಒಂಬತ್ತಕ್ಕೆ 'ಹೌದು' ಎಂದಿರಬೇಕು.

ಎಲ್ಲ ಅಲ್ಲಿಗೇ ಬಂದು ನಿಲ್ಲುತ್ತದೆ. ಎರಡಕ್ಷರ.

ಅಪ್ಪನಿಗೆ ಅವ್ವ ಹೇಳಿದ್ದಾಳೆ ಅನ್ನಿಸುತ್ತದೆ. ಸಂಜೆ ಲ್ಯಾಮಿನೇಷನ್ ತೆಗೆದುಕೊಂಡ, ಟವೆಲ್ಲಿನಿಂದ ಒರೆಸಿದ, ನನ್ನ ಬ್ಯಾಗಿಗೆ ಹಾಕಿದ. ಜಿಪ್ ಎಳೆದು, ನಾನು ಮಾಡುವ ಹಾಗೆ ಒಂದು ಸಲ ಮುಟ್ಟಿ ನೋಡಿದ.

ಗೋಡೆಯ ಮೇಲೆ ಬರೀ ಮೊಳೆ.

ಏಪ್ರಿಲ್ 16, ಬುಧವಾರ, 11.20

ಪಂಚಾಯ್ತಿ ಹಾಲ್. ಕೊನೆಯ ಸಾಲು. ತೊಡೆಯ ಮೇಲೆ ಇಟ್ಟುಕೊಂಡು ಬರೆಯುತ್ತಿದ್ದೇನೆ — ಬರೆಯದಿದ್ದರೆ ಎದ್ದು ಹೊರಟುಬಿಡುತ್ತೇನೆ. ಅರವತ್ತು-ಎಪ್ಪತ್ತು ಜನ. ಚನ್ನಕೇಶವ ಸರ್ ಮುಂದೆ. ಪಕ್ಕದಲ್ಲಿ ಮೇಘಶ್ರೀ, ನನ್ನನ್ನು ನೋಡಿ ಕೈ ಬೀಸಿದಳು. ಹೆಂಗಸರ ಕಡೆ ಅವ್ವ ಒಬ್ಬಳೇ, ಅವಳ ಎರಡೂ ಪಕ್ಕ ಕುರ್ಚಿ ಖಾಲಿ.

11.45

ಪಿ.ಡಿ.ಓ. ರಂಗನಾಥ ಸರ್ ಫಾರಂ ಓದುತ್ತಿದ್ದಾರೆ. ಮೈಕ್ ಕೀರಲು. ನಾಲ್ಕನೆಯದು. ಯಾರೋ, "ಪೂರ್ತಿ ಯಾಕೆ ಸಾರ್, ಬೇಲಿ ವಿಷ್ಯಕ್ ಬನ್ನಿ" ಎಂದರು. "ದಾಖಲೆ ಕಣ್ರೀ, ಓದ್ಲೇಬೇಕು" ಎಂದರು. ಐದು.

ಅವ್ವನ ಹೆಬ್ಬೆರಳು ಗೆಣ್ಣಿನ ಮೇಲೆ ಹೋಗುತ್ತಿದೆ. ಇಲ್ಲಿಂದ ಕಾಣುತ್ತಿದೆ. ಆರು.

ಹೇಳಬೇಕಾದ್ದನ್ನು ಬರೆದುಕೊಂಡುಬಿಡುತ್ತೇನೆ. ಎದ್ದು ನಿಂತರೆ ಮರೆಯುತ್ತದೆ. ಇಂಗ್ಲಿಷ್ ಬರುತ್ತದೆ ಬಾಯಿಗೆ. ಇಂಗ್ಲಿಷ್ ಬೇಡ.

ಏಳು.

ನನ್ನ ಹೆಸರು ಮೋನಿಕಾ. ಗುರುವಯ್ಯ, ಯಲ್ಲಮ್ಮನವರ ಮಗಳು. ಈ ಕಾಗದಕ್ಕೆ ಸಹಿ ಮಾಡಿದವಳು. ಒಂಬತ್ತನೆಯದಕ್ಕೆ ಬರೆದದ್ದು ಸುಳ್ಳು. ಯಾರೂ ಬರೆಸಿದ್ದಲ್ಲ.

ಎಂಟು. ಅವ್ವ ತಿರುಗಿ ನೋಡಿದಳು.

ಆ ದಂಡೆಯಿಂದ ನಾವು ದಿನಾ ತಿನ್ನುತ್ತೇವೆ. ಪಟ್ಟಿ ಓದುತ್ತೇನೆ. ಒಂದೆಲಗ, ಹಸಿಯಾಗಿ. ಹುಳಿಸೊಪ್ಪು, ಹಸಿಯಾಗಿ. ಹೊನ—

ಒಂಬತ್ತು. ಏಳುತ್ತೇನೆ.